ದಾರಿ ತೋರಿದವರ ಹೆಸರು: ಕಾಶ್ಮೀರದ ಟ್ರೌಟ್ ಹೊಳೆಗಳ ಒಂದು ಚರಿತ್ರೆ

ಕಾಶ್ಮೀರದ ಲಿದ್ದರ್, ಸಿಂಧ್, ಬ್ರಿಂಗಿ ಹೊಳೆಗಳಿಗೆ ವಸಂತಕಾಲದಲ್ಲಿ ಗಾಳ ಹಿಡಿದು ಹೋದವರು ತಮ್ಮ ನೆನಪುಗಳನ್ನು ಧಾರಾಳವಾಗಿ ಬರೆದಿಟ್ಟಿದ್ದಾರೆ. ಹಿಡಿದ ಮೀನಿನ ತೂಕ, ಗಾಳಕ್ಕೆ ಕಟ್ಟಿದ ಕೃತಕ ನೊಣದ ಬಣ್ಣ, ಡೇರೆ ಹೂಡಿದ ಹುಲ್ಲುಗಾವಲಿನ ಹೆಸರು, ಆ ದಿನದ ಹವೆ ಎಲ್ಲವೂ ಅಲ್ಲಿ ದೊರೆಯುತ್ತವೆ. ತಣ್ಣನೆಯ ನೀರಿನಲ್ಲಿ ಮುಂದೆ ನಿಂತು, ಯಾವ ಬಂಡೆಯ ಹಿಂದೆ ಮೀನಿದೆ ಎಂದು ಬೆರಳು ತೋರಿದವನ ಹೆಸರು ಮಾತ್ರ ಅಪರೂಪಕ್ಕೆ ಸಿಗುತ್ತದೆ. ಅವನು ಬಹುತೇಕ 'ನನ್ನ ಶಿಕಾರಿ' ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾನೆ. ಒಂದು ಹೊಳೆಯ ಚರಿತ್ರೆಯನ್ನು ಮೀನಿನಿಂದಲೂ ಬರೆಯಬಹುದು, ಮೀನಿನ ಬಳಿಗೆ ಕರೆದೊಯ್ದವನಿಂದಲೂ ಬರೆಯಬಹುದು. ಈ ಎರಡನೆಯ ದಾರಿಯಲ್ಲಿ ಕೆಲವು ಹೆಜ್ಜೆ ನಡೆಯುವುದು ನಮ್ಮ ಉದ್ದೇಶ.

ಮೊದಲಿಗೆ ಮೀನಿನ ಮಾತು. ಟ್ರೌಟ್ ಕಾಶ್ಮೀರದ ಮೂಲನಿವಾಸಿಯಲ್ಲ. ಮಹಾರಾಜ ಪ್ರತಾಪ್ ಸಿಂಗ್ ಆಳುತ್ತಿದ್ದ ದಿನಗಳಲ್ಲಿ, 1899ರಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ಕಂದು ಟ್ರೌಟ್ ಮೀನಿನ ಮೊಟ್ಟೆಗಳನ್ನು ಕಾಣಿಕೆಯಾಗಿ ಕಳುಹಿಸಿದ. ದಾರಿಯ ಬಿಸಿಲಿಗೆ ಅವು ಹಾಳಾದವು. ಮರುವರ್ಷ, 1900ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನಿಂದ ಬಂದ ಎರಡನೆಯ ಕಂತು ಬದುಕಿತು. ರಾವಲ್ಪಿಂಡಿಯವರೆಗೆ ರೈಲು, ಅಲ್ಲಿಂದ ಮುಂದೆ ಝೀಲಂ ಕಣಿವೆಯ ಬಂಡಿರಸ್ತೆ. ಶ್ರೀನಗರಕ್ಕೆ ಆ ಕಾಲದಲ್ಲಿದ್ದ ಮುಖ್ಯ ಮಾರ್ಗ ಅದು. ಶ್ರೀನಗರದಲ್ಲಿ ರತ್ನಗಂಬಳಿಯ ಕಾರ್ಖಾನೆ ನಡೆಸುತ್ತಿದ್ದ ಫ್ರ್ಯಾಂಕ್ ಮಿಚೆಲ್ ಎಂಬ ಸ್ಕಾಟ್ಲೆಂಡಿನವನು ಮರಿಗಳ ಒಂದು ಪಾಲನ್ನು ತನ್ನ ಕಾರ್ಖಾನೆಯ ಆವರಣದಲ್ಲೇ ಸಾಕಿದ. ಉಳಿದವು ದಾಚಿಗಾಮಿನ ತೊರೆಗೆ ಹೋದವು. ಹರ್ವಾನಿನಲ್ಲಿ ಮರಿ ಮಾಡುವ ಕೇಂದ್ರ ಬೆಳೆಯಿತು. 1903ರಲ್ಲಿ ಸಂಸ್ಥಾನಕ್ಕೆ ಮೀನುಗಾರಿಕೆ ಇಲಾಖೆಯೊಂದು ಬಂದು, ಮಿಚೆಲ್ ಅದರ ಮೊದಲ ಮುಖ್ಯಸ್ಥನಾದ. 1909ರಲ್ಲಿ ಇಲ್ಲಿಯ ಮೊಟ್ಟೆಗಳೇ ಕುಲ್ಲೂ ಕಣಿವೆಗೂ ಹೋಗಿ ಬಿಯಾಸ್, ತೀರ್ಥನ್ ಹೊಳೆಗಳ ಟ್ರೌಟ್ ಸಂತತಿಗೆ ಮೊದಲಾದವು. ಇಷ್ಟೂ ಸಂಗತಿಗಳು ಕಡತಗಳಲ್ಲಿ ಭದ್ರವಾಗಿವೆ.

ಟ್ರೌಟ್ ಬರುವ ಮುನ್ನ ಈ ಹೊಳೆಗಳು ಬರಿದಾಗಿರಲಿಲ್ಲ. ಸ್ಕೈಜೋಥೊರಾಕ್ಸ್ ಎಂಬ ಕುಲಕ್ಕೆ ಸೇರಿದ ಹಲವು ದೇಶೀ ಮೀನುಗಳು ಅಲ್ಲಿ ಅನಾದಿಯಿಂದ ಇದ್ದವು. ಇಂಗ್ಲಿಷರು ಅವನ್ನು 'ಹಿಮದ ಟ್ರೌಟ್' ಎಂದು ಕರೆದರೂ ಅವು ನಮ್ಮ ಕಾವೇರಿಯ ಬಿಳಿಮೀನಿನಂತೆ ಗೆಂಡೆಯ ಬಳಗದವು. ಝೀಲಂ ನದಿಯಲ್ಲೂ ವುಲರ್ ಸರೋವರದಲ್ಲೂ ದೋಣಿಯಲ್ಲೇ ಬಾಳುತ್ತಿದ್ದ ಹಾಂಜಿ ಜನ ಬೀಸುಬಲೆಯಿಂದ, ಈಟಿಯಿಂದ ಮೀನು ಹಿಡಿಯುತ್ತಿದ್ದರು. ಕೆಲವು ಬುಗ್ಗೆಗಳ ಮೀನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಕಾಶ್ಮೀರಿಯಲ್ಲಿ ಬುಗ್ಗೆಗೆ 'ನಾಗ್' ಎಂಬ ಹೆಸರು. ವೇರಿನಾಗ್, ಕೊಕರ್‌ನಾಗ್, ಅನಂತನಾಗ್ ಎಲ್ಲವೂ ಅದರಿಂದಲೇ ಬಂದವು. ಪ್ರತಿ ಬುಗ್ಗೆಯನ್ನೂ ಒಂದು ನಾಗ ಕಾಯುತ್ತದೆ ಎಂಬುದು ನೀಲಮತ ಪುರಾಣದ ನಂಬಿಕೆ. ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ದೇವರ ಮೀನುಗಳನ್ನು ಕಂಡ ಕನ್ನಡಿಗರಿಗೆ ಮಟ್ಟನ್ನಿನ ಕೊಳದ ಮೀನುಗಳು ಹೊಸತೆನಿಸಲಾರವು.

ಹೊಸ ಮೀನಿನೊಡನೆ ಹೊಸ ಕಟ್ಟಳೆಗಳೂ ಬಂದವು. ಟ್ರೌಟ್ ಹೊಳೆಗಳನ್ನು 'ಬೀಟ್' ಎಂಬ ತುಂಡುಗಳಾಗಿ ವಿಂಗಡಿಸಲಾಯಿತು. ಒಂದೊಂದು ಬೀಟಿಗೂ ದಿನದ ಪರವಾನಗಿ, ಇಂತಿಷ್ಟೇ ಗಾಳಗಳೆಂಬ ಮಿತಿ. ಆ ನೀರಿನಲ್ಲಿ ಬಲೆ ಬೀಸುವುದು ಅಪರಾಧವಾಯಿತು. ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದ ಮೊದಲ ತಿಂಗಳುಗಳಲ್ಲಾದ್ದರಿಂದ ಆಗ ಹೊಳೆ ಮುಚ್ಚಿರುತ್ತದೆ, ಏಪ್ರಿಲಿನಲ್ಲಿ ತೆರೆಯುತ್ತದೆ. ದೇಶೀ ಮೀನುಗಳಲ್ಲಿ ಹಲವು ಹಿಮ ಕರಗುವ ಈ ವಸಂತದಲ್ಲೇ ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಏರುತ್ತವೆ. ಹೊಳೆಯ ಪಂಚಾಂಗವನ್ನೇ ಅತಿಥಿ ಮೀನಿನ ಹುಟ್ಟುದಿನಕ್ಕೆ ಹೊಂದಿಸಿ ಹೊಸದಾಗಿ ಬರೆಯಲಾಯಿತೆಂಬುದು ಇದರಿಂದ ತಿಳಿಯುತ್ತದೆ. ದಡದ ಹಳ್ಳಿಗನ ಮುಂದೆ ಉಳಿದ ದಾರಿಗಳು ಕೆಲವೇ: ಕದ್ದು ಬಲೆ ಹಾಕುವುದು, ಕಾವಲುಗಾರನಾಗುವುದು, ಇಲ್ಲವೇ ಗಾಳ ಹಿಡಿದು ಬಂದವರಿಗೆ ದಾರಿ ತೋರುವುದು.

ಈ ದಾರಿ ತೋರುವ ಕೆಲಸದ ಸ್ವರೂಪವೇನು? ಎರೆಹುಳು ಸಿಕ್ಕಿಸಿ ದಡದಲ್ಲಿ ಕಾದು ಕೂರುವ ಗಾಳಕ್ಕೂ ಇದಕ್ಕೂ ಬಹಳ ಅಂತರ. ಇಲ್ಲಿ ಗಾಳದ ತುದಿಯಲ್ಲಿರುವುದು ರೇಷ್ಮೆ, ಉಣ್ಣೆ, ಹಕ್ಕಿಯ ಪುಕ್ಕಗಳಿಂದ ಕಟ್ಟಿದ ನೊಣದ ಪ್ರತಿಕೃತಿ. ಅದಕ್ಕೆ ತೂಕವೇ ಇಲ್ಲ. ದಾರದ ತೂಕವೇ ಅದನ್ನು ಒಯ್ದು ನೀರಿನ ಮೇಲೆ ಇಳಿಸಬೇಕು. ಟ್ರೌಟ್ ಪ್ರವಾಹಕ್ಕೆ ಮುಖಮಾಡಿ ನಿಲ್ಲುತ್ತದೆ, ಆದ್ದರಿಂದ ಅದರ ಹಿಂದಿನಿಂದ, ಎಂದರೆ ಹೊಳೆಯ ಕೆಳಗಿನಿಂದ, ಸದ್ದಿಲ್ಲದೆ ಸಮೀಪಿಸಬೇಕು. ನೆರಳು ನೀರಿನ ಮೇಲೆ ಬಿದ್ದರೆ ಆಟ ಅಲ್ಲಿಗೆ ಮುಗಿಯಿತು. ವೇಗದ ನೀರೂ ನಿಧಾನದ ನೀರೂ ಸೇರುವ ಗೆರೆಯಲ್ಲಿ ಮೀನು ನಿಂತಿರುತ್ತದೆ. ಆಹಾರ ತರುವುದು ವೇಗದ ನೀರು, ದಣಿಯದೆ ನಿಲ್ಲಲು ಬಿಡುವುದು ನಿಧಾನದ ನೀರು. ಮಾರ್ಗದರ್ಶಿ ಮೊದಲು ಹೊಳೆಯ ಕಲ್ಲೊಂದನ್ನು ಎತ್ತಿ ಮಗುಚುತ್ತಾನೆ. ಅದರ ಅಡಿಯಲ್ಲಿ ಅಂಟಿಕೊಂಡಿರುವ ಮರಿಹುಳುಗಳ ಗಾತ್ರವನ್ನೂ ಬಣ್ಣವನ್ನೂ ನೋಡಿದ ಮೇಲೆಯೇ ಅತಿಥಿಯ ಪೆಟ್ಟಿಗೆಯಿಂದ ನೊಣವನ್ನು ಆರಿಸುತ್ತಾನೆ.

ವಸಂತದಲ್ಲಿ ಈ ಅರಿವು ಇನ್ನಷ್ಟು ಸೂಕ್ಷ್ಮವಾಗಬೇಕಾಗುತ್ತದೆ. ಶೇಷನಾಗ್ ಸರೋವರದ ಕಡೆಯಿಂದ ಬರುವ ಪೂರ್ವ ಲಿದ್ದರ್, ಕೋಲಹೋಯ್ ಹಿಮನದಿಯಿಂದ ಆರು ಗ್ರಾಮದ ಮೂಲಕ ಇಳಿಯುವ ಪಶ್ಚಿಮ ಲಿದ್ದರ್ ಎರಡೂ ಪಹಲ್ಗಾಮಿನಲ್ಲಿ ಕೂಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಹೊತ್ತು ಇಳಿಯುವ ವೇಳೆಗೆ ಹೊಳೆ ಉಬ್ಬಿ ಬೂದುಬಣ್ಣಕ್ಕೆ ತಿರುಗುತ್ತದೆ. ಇರುಳಿನ ಚಳಿಗೆ ಮತ್ತೆ ತಗ್ಗುತ್ತದೆ. ಆದ್ದರಿಂದ ಬೆಳಗಿನ ಕೆಲವೇ ಗಂಟೆಗಳು ಅನುಕೂಲ. ಇಡೀ ಲಿದ್ದರ್ ಕದಡಿ ಹರಿಯುವ ದಿನ ಬಲ್ಲವನು ತನ್ನ ಅತಿಥಿಯನ್ನು ಬುಗ್ಗೆಯಿಂದ ಹುಟ್ಟುವ ತೊರೆಗಳಿಗೆ, ಕೊಕರ್‌ನಾಗಿನ ಕಡೆಗೆ, ಕರೆದೊಯ್ಯುತ್ತಾನೆ. ನೆಲದೊಳಗಿನಿಂದ ಬರುವ ಆ ನೀರಿಗೆ ಹಿಮದ ಹಂಗು ಕಡಿಮೆ. ಅದು ತಿಳಿಯಾಗಿಯೇ ಇರುತ್ತದೆ. ಹಿಂದಿರುಗಿದ ಅತಿಥಿ 'ಅದೃಷ್ಟದ ದಿನ' ಎಂದು ಬರೆದುಕೊಂಡರೆ, ಆ ಅದೃಷ್ಟದ ಬಹುಪಾಲು ಈ ತೀರ್ಮಾನದಲ್ಲಿತ್ತು.

ಇಂಥ ಬಲ್ಲವನಿಗೆ ಇಂಗ್ಲಿಷರು ಇಟ್ಟ ಹೆಸರುಗಳಲ್ಲಿ ಒಂದು 'ಗಿಲ್ಲಿ'. ಅದು ಸ್ಕಾಟ್ಲೆಂಡಿನ ಗೇಲಿಕ್ ನುಡಿಯಿಂದ ಬಂದ ಪದ. ಮೂಲದಲ್ಲಿ ಹುಡುಗ, ಸೇವಕ ಎಂದರ್ಥ. ಮೀನಿನಂತೆ ಪದವೂ ಸ್ಕಾಟ್ಲೆಂಡಿನಿಂದ ಹಡಗೇರಿ ಬಂದು ಹಿಮಾಲಯದಲ್ಲಿ ಬೇರೂರಿತು. ತಲೆನರೆತ ಅನುಭವಿಯೂ ಆ ಪದದೊಳಗೆ 'ಹುಡುಗ'ನೇ. ಇದರ ಹಿಂದಿನ ಸಮಾಜವನ್ನೂ ನೆನೆಯಬೇಕು. 1895ರಲ್ಲಿ ಪ್ರಕಟವಾದ 'ದಿ ವ್ಯಾಲಿ ಆಫ್ ಕಾಶ್ಮೀರ್' ಗ್ರಂಥದಲ್ಲಿ ವಾಲ್ಟರ್ ಲಾರೆನ್ಸ್ ಅಂದಿನ ಬಿಟ್ಟಿದುಡಿಮೆಯ, ಅಂದರೆ 'ಬೇಗಾರ್' ಪದ್ಧತಿಯ ಕ್ರೌರ್ಯವನ್ನು ವಿವರಿಸಿದ್ದಾನೆ. ಹೊರೆ ಹೊರುವುದು ಸಾಮಾನ್ಯ ರೈತನ ಹಣೆಬರಹವಾಗಿದ್ದ ಕಾಲದಲ್ಲಿ, ಕೂಲಿ ಪಡೆದು ಸಾಹೇಬನ ಜೊತೆ ನಡೆಯುವ ಕೆಲಸ ಒಂದು ಬಗೆಯ ಏಳಿಗೆಯೇ ಆಗಿತ್ತು.

ಆ ಏಳಿಗೆಗೆ ಆಧಾರಪತ್ರವಾಗಿದ್ದುದು 'ಚಿಟ್'. ಪ್ರವಾಸ ಮುಗಿದಾಗ ಸಾಹೇಬರು ಬರೆದುಕೊಡುತ್ತಿದ್ದ ಶಿಫಾರಸಿನ ಚೀಟಿಗಳನ್ನು ಕಾಶ್ಮೀರದ ಶಿಕಾರಿಗಳೂ ದೋಣಿಮನೆಯವರೂ ಜೋಪಾನವಾಗಿ ಇಟ್ಟುಕೊಂಡು ಮುಂದಿನ ಅತಿಥಿಗೆ ತೋರಿಸುತ್ತಿದ್ದರು. ಹಲವು ಮನೆಗಳಲ್ಲಿ ಅವು ತಂದೆಯಿಂದ ಮಗನಿಗೆ ಬಂದ ಆಸ್ತಿ. ಪ್ರವಾಸಕಥನಗಳಲ್ಲಿ ಕಾಣದ ಹೆಸರು ಈ ಚೀಟಿಗಳಲ್ಲಿ ಕಾಣುತ್ತದೆ. ಆದರೆ ಚೀಟಿ ಹೊಗಳುವುದು ಪ್ರಾಮಾಣಿಕತೆಯನ್ನು, ವಿಧೇಯತೆಯನ್ನು, ದುಡಿಮೆಯನ್ನು. ಕಲ್ಲು ಮಗುಚಿ ನೋಡಿದ ಕಣ್ಣಿನ ಬಗ್ಗೆ, ಹೊಳೆಯ ಏರಿಳಿತವನ್ನು ಲೆಕ್ಕವಿಟ್ಟ ಮನಸ್ಸಿನ ಬಗ್ಗೆ ಅದು ಸಾಮಾನ್ಯವಾಗಿ ಮೌನ. ಆಳನ್ನು ಅಳೆಯುವ ಮಾತುಗಳಿಂದ ವಿದ್ವಾಂಸನನ್ನು ಅಳೆದರೆ ಹೀಗಾಗುತ್ತದೆ. ಓದಲು ಬಾರದ ಭಾಷೆಯಲ್ಲಿ ಬರೆದ ಪ್ರಶಂಸೆಯನ್ನು ಜೀವಮಾನವಿಡೀ ಕಾಪಾಡಿದವರೂ ಅವರಲ್ಲಿದ್ದರು ಎಂಬುದನ್ನು ಯೋಚಿಸಿದಾಗ ನಮ್ಮ ಮನಸ್ಸು ಭಾರವಾಗುತ್ತದೆ.

ಇಂಥ ಅರಿವನ್ನು ಶಾಸ್ತ್ರವೆಂದು ಗೌರವಿಸಿದ ಪರಂಪರೆ ನಮ್ಮ ನಾಡಿನಲ್ಲಿ ಇಲ್ಲದೆ ಇರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೀನುಗಳ ಬಗೆಗಳು, ಯಾವ ಮೀನಿಗೆ ಯಾವ ಆಹಾರ, ಗಾಳದ ಕೋಲು, ದಾರ ಎಲ್ಲದರ ವಿವರ ಅಲ್ಲಿದೆ. ಗಾಳದ ಬಗ್ಗೆ ಇಂಗ್ಲೆಂಡಿನಲ್ಲಿ ಅಚ್ಚಾದ ಮೊದಲ ಕೃತಿ ಹೊರಬಂದುದು 1496ರಲ್ಲಿ. ಕಲ್ಯಾಣದ ಕೃತಿ ಅದಕ್ಕಿಂತ ಮೂರೂವರೆ ಶತಮಾನ ಹಿರಿದು. ಆದರೂ ಅಲ್ಲಿಯೂ ಉಳಿದಿರುವುದು ದೊರೆಯ ಹೆಸರು. ದಖ್ಖನಿನ ಹೊಳೆಗಳ ಮೀನಿನ ನಡೆಯನ್ನು ದೊರೆಗೆ ತಿಳಿಸಿದ ಬೆಸ್ತರು ಯಾರಿದ್ದರೋ, ಅವರು ಶ್ಲೋಕದ ಹೊರಗೇ ಉಳಿದರು. ಕರಾವಳಿಯಲ್ಲೂ ಇದೇ ಕಥೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಹೊಳೆಗೆ ವಿಷ ಬೆರೆಸುವುದನ್ನೂ ಸಣ್ಣ ಕಣ್ಣಿನ ಬಲೆಯನ್ನೂ ಥಾಮಸ್ ಬಲವಾಗಿ ವಿರೋಧಿಸಿದ; ಮುಂದೆ 1897ರ ಮೀನುಗಾರಿಕೆ ಕಾಯ್ದೆ ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು. ಅದು ಮೀನಿಗೆ ಆದ ಉಪಕಾರ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಾಶ್ಮೀರದ ಹೊಳೆಗಳು ಮೀನಿಲ್ಲದ ಕಾಲುವೆಗಳಾಗದೆ ಉಳಿದುದರಲ್ಲಿಯೂ ಕಾವಲಿನ ಪಾಲಿದೆ. ಆದರೆ ಕಾಯ್ದೆ ಬಲೆಯವನನ್ನು ಮುಖ್ಯವಾಗಿ ತಪ್ಪಿತಸ್ಥನಾಗಿ ಕಂಡಿತು. ಹೊಳೆಯನ್ನು ಓದಬಲ್ಲವನೆಂದು ಕಾಣಲಿಲ್ಲ.

ಸ್ವಾತಂತ್ರ್ಯದ ನಂತರ ಅತಿಥಿಗಳು ಬದಲಾದರು. ಸಾಹೇಬರ ಜಾಗಕ್ಕೆ ದೆಹಲಿ, ಮುಂಬಯಿ, ಬೆಂಗಳೂರುಗಳ ಹವ್ಯಾಸಿಗಳೂ ಯುರೋಪಿನ ಪ್ರವಾಸಿಗರೂ ಬಂದರು. 1989-90ರಿಂದ ಕಣಿವೆ ಹಿಂಸೆಗೆ ಸಿಲುಕಿದಾಗ ಗಾಳದ ಪ್ರವಾಸಗಳು ಬಹುತೇಕ ನಿಂತವು. ಹೊಳೆಯಲ್ಲಿ ಮೀನಿತ್ತು, ದಡದಲ್ಲಿ ಬಲ್ಲವನಿದ್ದ, ನಡುವೆ ಬರಬೇಕಾದ ಅತಿಥಿ ಮಾತ್ರ ಇರಲಿಲ್ಲ. ಒಂದು ತಲೆಮಾರಿನ ಮಕ್ಕಳು ತಂದೆಯ ಜೊತೆ ಹೊಳೆಗಿಳಿದು ಕಲಿಯಬೇಕಿದ್ದ ವಸಂತಗಳು ಹೀಗೆ ಕಳೆದುಹೋದವು. 2014ರ ಸೆಪ್ಟೆಂಬರಿನ ಮಹಾಪೂರ ಇನ್ನೊಂದು ಪೆಟ್ಟು. ಮತ್ತೆ ಜನ ಬರತೊಡಗಿದ್ದ ಕಾಲದಲ್ಲಿ, 2025ರ ಏಪ್ರಿಲ್ 22ರಂದು, ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿ ಉಗ್ರರ ಗುಂಡಿಗೆ ಬಲಿಯಾದರು. ಸತ್ತವರಲ್ಲಿ ಕರ್ನಾಟಕದಿಂದ ಹೋದವರಿದ್ದರು. ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಸ್ಥಳೀಯ ಯುವಕನೊಬ್ಬನೂ ಇದ್ದ. ಅತಿಥಿಗೂ ದಾರಿ ತೋರುವವನಿಗೂ ನಡುವಿನ ನಂಬಿಕೆ ಎಷ್ಟು ಬೆಲೆಯುಳ್ಳದ್ದು, ಎಷ್ಟು ನಾಜೂಕಾದದ್ದು ಎಂಬುದನ್ನು ಆ ದಿನ ನಮ್ಮ ಮನೆಗಳಿಗೂ ಮುಟ್ಟಿಸಿತು.

ಇದರ ಜೊತೆಗೆ ಸದ್ದಿಲ್ಲದ ಇನ್ನೊಂದು ಬದಲಾವಣೆಯೂ ನಡೆಯುತ್ತಿದೆ. ಲಿದ್ದರಿಗೆ ನೀರುಣಿಸುವ ಕೋಲಹೋಯ್ ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ಟ್ರೌಟ್ ತಣ್ಣೀರಿನ ಜೀವಿ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ಬಳಲುತ್ತದೆ. ಯಾವ ವರ್ಷ ಹೊಳೆ ಎಂದು ಉಬ್ಬಿತು, ಯಾವ ಮಡು ಮರಳಿನಿಂದ ತುಂಬಿತು, ಯಾವ ಬುಗ್ಗೆ ಬತ್ತಿತು ಎಂಬುದನ್ನು ಬೀಟು ಬೀಟಾಗಿ ಬಲ್ಲವರು ದಡದಲ್ಲೇ ಇದ್ದಾರೆ. ಮಾಪನಯಂತ್ರ ಇಡದ ಕಡೆಯ ದಾಖಲೆ ಅವರ ನೆನಪೇ. ಆ ನೆನಪನ್ನು ಕೇಳಿ, ಹೇಳಿದವರ ಹೆಸರಿನೊಡನೆ, ಅವರದೇ ಭಾಷೆಯಲ್ಲಿ ಬರೆದಿಡುವ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ.

ನಮ್ಮ ಬಳಗದ ಓದುಗರಲ್ಲಿ ಬೇಸಗೆಯ ರಜೆಗೆ ಕಾಶ್ಮೀರಕ್ಕೋ ಕುಲ್ಲೂವಿಗೋ ಹೋಗುವವರು ಬಹಳ. ಗಾಳ ಹಿಡಿಯದಿದ್ದರೂ, ಚಾರಣಕ್ಕೋ ಯಾತ್ರೆಗೋ ಒಬ್ಬ ದಾರಿ ತೋರುವವನು ಜೊತೆಗಿದ್ದೇ ಇರುತ್ತಾನೆ. ಹಿಂದಿರುಗಿ ಬಂದು ಪ್ರವಾಸಕಥನ ಬರೆಯುವಾಗ, ಅವರ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಹಳ್ಳಿಯನ್ನೂ ಅವರಿಂದ ಕಲಿತ ಒಂದು ಸಂಗತಿಯನ್ನೂ ಸೇರಿಸೋಣ. ಹಳೆಯ ಚೀಟಿಗಳು ಬರೆಯದೆ ಬಿಟ್ಟದ್ದು ಆ ಮೂರನೆಯದನ್ನೇ.