ಕೊಡಗಿನ ಹೋಂಸ್ಟೇ: ತೋಟದ ಮನೆಯಲ್ಲಿ ಅತಿಥಿಯಾಗಿ

ಕೋಣೆಯ ಜೊತೆಗೆ ಮನೆಯವರ ಅಡುಗೆ, ಮನೆಯವರ ಮಾತು, ಮನೆಯ ಬಚ್ಚಲಿನ ಬಿಸಿನೀರು ಎಲ್ಲವೂ ಸಿಗುವ ವಸತಿಗೆ ಕೊಡಗಿನಲ್ಲಿ ಹೋಂಸ್ಟೇ ಎನ್ನುತ್ತಾರೆ. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ ಈ ಐದೂ ತಾಲ್ಲೂಕುಗಳಲ್ಲಿ ಇವು ಹರಡಿವೆ. ಹೆಚ್ಚಿನವು ಕಾಫಿ ತೋಟದ ನಡುವಿನ ಮನೆಗಳು. ಕೊಡವರಷ್ಟೇ ಅಲ್ಲದೆ ಅರೆಭಾಷೆ ಗೌಡರು ಮತ್ತು ಇತರ ಸಮುದಾಯದವರೂ ಹೋಂಸ್ಟೇ ನಡೆಸುತ್ತಾರೆ. ಹಾಗಾಗಿ ಒಂದು ಮನೆಯ ರೂಢಿ, ರುಚಿ ಇನ್ನೊಂದರಲ್ಲಿ ಇರುವುದಿಲ್ಲ.

ಜಪಾನಿನ ನೆಂಟಸ್ತಿಕೆ

ಕೊಡಗಿನ ಹಾಗೆ ಮನೆಯ ರೀತಿಯಲ್ಲೇ ಅತಿಥಿಯನ್ನು ಇಟ್ಟುಕೊಳ್ಳುವ ಪದ್ಧತಿ ಬಹಳ ಹಿಂದಿನಿಂದ ಬೆಳೆದ ದೇಶ ಜಪಾನ್. ಅಲ್ಲಿನ ಸಾಂಪ್ರದಾಯಿಕ ವಸತಿಗೃಹ ರಿಯೋಕಾನ್. ಯಮನಾಶಿ ಪ್ರಾಂತ್ಯದ ನಿಶಿಯಾಮ ಒನ್ಸೆನ್ ಕೇಯುನ್‌ಕಾನ್ ಎಂಬ ರಿಯೋಕಾನ್ ಕ್ರಿ.ಶ. 705ರಲ್ಲಿ ಆರಂಭವಾದದ್ದೆಂದು ಹೆಸರಾಗಿದೆ. ಜಗತ್ತಿನ ಅತಿ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆಯಲ್ಲೂ ಸೇರಿದೆ. ಒನ್ಸೆನ್ ಎಂದರೆ ನೆಲದಿಂದ ಉಕ್ಕುವ ಬಿಸಿನೀರು. 1948ರ ಜಪಾನಿನ ಕಾಯಿದೆಯ ಪ್ರಕಾರ ಚಿಲುಮೆಯಲ್ಲಿ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಖನಿಜಗಳಲ್ಲಿ ಯಾವುದಾದರೂ ಅದರಲ್ಲಿ ಸಾಕಷ್ಟಿರಬೇಕು. ಅತಿಥಿ ಕೊಳದ ಹೊರಗೇ ಸೋಪು ಹಚ್ಚಿ ಮೈತೊಳೆದುಕೊಂಡು, ಆಮೇಲೆ ಬರಿಮೈಯಲ್ಲಿ ಕೊಳಕ್ಕೆ ಇಳಿಯುತ್ತಾನೆ. ಅದೇ ನೀರಿನಲ್ಲಿ ಹತ್ತಾರು ಜನ ಕೂರುವುದರಿಂದ ಈ ನಿಯಮದಲ್ಲಿ ಸಡಿಲಿಕೆಯಿಲ್ಲ. ರಾತ್ರಿಯೂಟ, ಬೆಳಗಿನ ತಿಂಡಿ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತವೆ.

ರಿಯೋಕಾನ್ ದುಬಾರಿ. ಅದಕ್ಕಿಂತ ಸರಳವಾದದ್ದು ಮಿನ್ಶುಕು: ರೈತರೋ ಮೀನುಗಾರರೋ ತಮ್ಮ ಮನೆಯ ಕೆಲವು ಕೋಣೆಗಳನ್ನು ಪ್ರವಾಸಿಗಳಿಗೆ ಬಿಟ್ಟುಕೊಟ್ಟು, ತಾವೇ ಅಡುಗೆ ಮಾಡಿ ಬಡಿಸುವ ವ್ಯವಸ್ಥೆ. ಕೊಡಗಿನ ಹೋಂಸ್ಟೇಗೆ ತೀರ ಹತ್ತಿರವಾದದ್ದು ಇದೇ.

ಐನ್‌ಮನೆ ಮತ್ತು ತೋಟದ ಮನೆ

ಕೊಡವ ಒಕ್ಕದ, ಅಂದರೆ ಕುಲದ, ಮೂಲಮನೆಗೆ ಐನ್‌ಮನೆ ಎನ್ನುತ್ತಾರೆ. ಓಣಿಯಲ್ಲಿ ನಡೆದು ಅಂಗಳ ದಾಟಿ ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ. ಅದರ ಅಂಚಿನಲ್ಲಿ ಐಮರ, ಅಂದರೆ ಕೂರಲು ಹಾಕಿದ ದಪ್ಪನೆಯ ಮರದ ಹಲಗೆ. ಬಂದವರು ಕಾಲು ತೊಳೆಯಲು ಮೆಟ್ಟಿಲ ಬಳಿ ಕಿಂಡಿ ಎಂಬ ಮೂತಿಯ ಪಾತ್ರೆಯಲ್ಲಿ ನೀರು ಇಟ್ಟಿರುತ್ತಿದ್ದರು. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುವ ದೀಪ, ತೂಕ್ ಬೊಳ್ಚ. ಅತಿಥಿಯನ್ನು ಎಲ್ಲಿ ಕೂರಿಸಬೇಕು, ಯಾವ ಕೋಣೆ ಮನೆಯವರಿಗೂ ಕಾರಣವರೆಂಬ ಪೂರ್ವಿಕರಿಗೂ ಮೀಸಲು ಎಂಬುದನ್ನು ಈ ಮನೆಗಳ ಕಟ್ಟಡವೇ ತೀರ್ಮಾನಿಸಿತ್ತು.

ಐನ್‌ಮನೆ ಇಡೀ ಒಕ್ಕದ ಆಸ್ತಿ. ಅದನ್ನು ಬಾಡಿಗೆಗೆ ಕೊಡುವುದು ಅಪರೂಪ, ಹಾಗೆ ಇರುವುದೇ ಸರಿ ಎಂದು ನನ್ನ ಭಾವನೆ. ಪುತ್ತರಿ ಹಬ್ಬಕ್ಕೂ ಕೈಲ್‌ಪೊಳ್ದ್‌ಗೂ ದೂರದೂರಿನವರೆಲ್ಲ ಬಂದು ಸೇರುವ ಜಾಗ ಅದು. ಪ್ರವಾಸಿಗಳು ಉಳಿಯುವುದು ತೋಟದ ಮನೆಗಳಲ್ಲಿ. ಹಂಚಿನ ಮಾಡು, ರೆಡ್‌ಆಕ್ಸೈಡ್ ನೆಲ, ಎದುರಿಗೆ ಕಾಫಿ ಒಣಗಿಸುವ ಕಣ. ಈ ಕಟ್ಟಡಗಳು ಐನ್‌ಮನೆಗಳಿಗಿಂತ ಹೊಸವಾದರೂ ಸತ್ಕಾರದ ರೀತಿ ಬಂದಿರುವುದು ಹಳೆಯ ಕೈಯಾಲೆಯಿಂದ.

ಕಾಫಿ ಬೆಲೆ ಬಿದ್ದಾಗ

ಹೋಂಸ್ಟೇ ಹುಟ್ಟಿದ್ದರ ಹಿಂದೆ ಕಾಫಿಯ ಲೆಕ್ಕಾಚಾರವಿದೆ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು. ದಶಕಗಳ ಕಾಲ ಬೆಳೆಗಾರರ ಕಾಫಿಯೆಲ್ಲ ಕಾಫಿ ಮಂಡಳಿ ಒಟ್ಟುಗೂಡಿಸಿ ಮಾರುವ ಪೂಲಿಗೆ ಹೋಗುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1990ರ ದಶಕದಲ್ಲಿ ನಮ್ಮಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂದು 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡಿತು. ಮೊದಮೊದಲು ಒಳ್ಳೆಯ ದರ ಸಿಕ್ಕಿದರೂ ದಶಕದ ಕೊನೆಗೆ ಜಾಗತಿಕ ಬೆಲೆ ಇಳಿಯತೊಡಗಿ 2001–02ರ ಹೊತ್ತಿಗೆ ಪಾತಾಳ ಮುಟ್ಟಿತು. ಕೂಲಿ, ಗೊಬ್ಬರದ ಖರ್ಚೂ ಹುಟ್ಟದ ಆ ವರ್ಷಗಳಲ್ಲಿ ಸಣ್ಣ ಬೆಳೆಗಾರರು ಖಾಲಿ ಕೋಣೆಗಳ ಬಾಗಿಲು ತೆರೆದರು. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದರಿಂದ ದೊಡ್ಡ ಮನೆಗಳಲ್ಲಿ ಕೋಣೆಗಳಿಗೆ ಕೊರತೆಯಿರಲಿಲ್ಲ. ಆದಾಯದ ಜೊತೆಗೆ ಮನೆಯೊಡತಿಯ ಕೈಗೆ ಸ್ವಂತ ದುಡ್ಡು ಬಂದದ್ದು ಇದರಿಂದಾದ ದೊಡ್ಡ ಬದಲಾವಣೆ. ಅದರ ಮಾತು ಯಾಕೋ ಕಡಿಮೆ.

ಹಂಡೆಯ ಬಿಸಿನೀರು

ಒನ್ಸೆನ್‌ಗೆ ಸಮನಾದ ಬಿಸಿನೀರಿನ ಬುಗ್ಗೆ ಕೊಡಗಿನಲ್ಲಿ ಇಲ್ಲ. ಹತ್ತಿರದಲ್ಲಿ ಹೆಸರಾದದ್ದು ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ಅಲ್ಲಿ ಗಂಧಕದ ವಾಸನೆಯ ಬೆಚ್ಚನೆಯ ನೀರು ನೆಲದಿಂದಲೇ ಬರುತ್ತದೆ. ಘಟ್ಟದ ಮೇಲೆ ಆ ಸುಖ ಕೊಡುವುದು ಬಚ್ಚಲೊಲೆ.

ಹಳೆಯ ತೋಟದ ಮನೆಗಳಲ್ಲಿ ಬಚ್ಚಲು ಹಿಂಬದಿಗೆ ಇರುತ್ತದೆ. ಗೋಡೆಗೆ ಸೇರಿಸಿ ಕಟ್ಟಿದ ಒಲೆಯಲ್ಲಿ ತಾಮ್ರದ ದೊಡ್ಡ ಹಂಡೆ ಹೂತಿರುತ್ತದೆ. ಬೆಂಕಿ ಹಾಕುವ ಬಾಯಿ ಹೊರಗಡೆ. ಉರುವಲು ತೋಟದ್ದೇ: ಗಿಡ ಸವರಿದಾಗ ಬಿದ್ದ ಕಾಫಿ ರೆಂಬೆ, ಕಿತ್ತ ಹಳೆಯ ಕಾಫಿ ಬೊಡ್ಡೆ, ಸಿಲ್ವರ್ ಓಕಿನ ಕೊಂಬೆ. ಕಾಫಿ ಬೊಡ್ಡೆ ನಿಧಾನವಾಗಿ ಉರಿದು ಕೆಂಡವಾಗಿ ಉಳಿಯುವುದರಿಂದ ಸಂಜೆ ಹೊತ್ತಿಸಿದ ಒಲೆಯ ನೀರು ರಾತ್ರಿಯವರೆಗೂ ಸುಡುತ್ತಿರುತ್ತದೆ. ಆ ನೀರಿಗೆ ಹೊಗೆಯ ಸಣ್ಣ ವಾಸನೆಯಿರುತ್ತದೆ. ಆಷಾಢದ ಮಳೆಯಲ್ಲಿ ನಡುಗುತ್ತ ಬಂದವನಿಗೆ ಚೊಂಬಿನಲ್ಲಿ ಬಾಚಿ ಬೆನ್ನಿಗೆ ಸುರಿದುಕೊಳ್ಳುವ ಆ ನೀರಿನ ಸುಖವನ್ನು ಯಾವ ಗೀಸರೂ ಕೊಡಲಾರದು. ಇಲ್ಲೂ ಒಂದು ನಿಯಮವಿದೆ: ತೋಡಿಕೊಂಡಷ್ಟು ತಣ್ಣೀರನ್ನು ಹಂಡೆಗೆ ತುಂಬಿಸಿಯೇ ಹೊರಗೆ ಬರಬೇಕು, ಮುಂದಿನವರಿಗೆ ಬಿಸಿನೀರು ಸಿಗುವುದು ಹಾಗೆ. ಈಗ ಹಲವು ಹೋಂಸ್ಟೇಗಳಲ್ಲಿ ಸೌರಫಲಕ, ಗೀಸರುಗಳು ಬಂದಿವೆ. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಕರೆಂಟಿನ ಭರವಸೆಯೂ ಇಲ್ಲ. ಆಗ ಹಂಡೆಯೇ ಗತಿ.

ಊಟ

ಊಟಕ್ಕೆ ಮೊದಲೇ ಹೇಳಿರಬೇಕು. ಮನೆಯಡುಗೆಗೆ ಹೊತ್ತು ಬೇಕು, ಸಾಮಾನು ತರಲು ಪೇಟೆ ದೂರ. ಕೊಡವರ ಮನೆಯಲ್ಲಿ ಹಂದಿಮಾಂಸದ ಪಂದಿಕರಿ, ಕಡುಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಪ್ರಸಿದ್ಧ. ಪಂದಿಕರಿಯ ಕಪ್ಪು ಬಣ್ಣ, ಹುಳಿ ಎರಡೂ ಬರುವುದು ಹುರಿದ ಮಸಾಲೆ ಮತ್ತು ಕಾಚಂಪುಳಿಯಿಂದ. ಪುಳಿ ಎಂಬ ಮಾಗಿದ ಹುಳಿಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿಟ್ಟು, ಸೋರುವ ರಸವನ್ನು ಹಿಡಿದು ಮಂದವಾಗುವ ತನಕ ಕುದಿಸಿದರೆ ಕಾಚಂಪುಳಿ. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಸಸ್ಯಾಹಾರಿಗಳು ಹಿಂಜರಿಯಬೇಕಾಗಿಲ್ಲ. ಮಳೆಗಾಲದಲ್ಲಿ ಕಣಿಲೆಯ ಬೈಂಬಳೆ ಕರಿ, ಕಾಡಿನ ಅಣಬೆಯ ಕೂಮು ಕರಿ ಇರುತ್ತವೆ. ಕಣಿಲೆಯನ್ನು ಹೆಚ್ಚಿ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುತ್ತಾರೆ. ಹಸಿಯದರಲ್ಲಿ ವಿಷದ ಅಂಶವಿರುತ್ತದೆ. ಕಕ್ಕಡ ಮಾಸದ 18ನೇ ದಿನ, ಆಗಸ್ಟ್ ಆರಂಭದಲ್ಲಿ, ಮದ್ದುಸೊಪ್ಪಿನ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಕೂಡಿರುತ್ತದೆಂಬ ನಂಬಿಕೆಯಿದೆ. ಅದನ್ನು ಉಣ್ಣಲೆಂದೇ ಆ ವಾರ ಹೋಗುವುದಿದ್ದರೆ ಹೋಗಿ.

ಕಾಲ ಯಾವುದು?

ಹೆಚ್ಚು ಜನ ಬರುವುದು ಅಕ್ಟೋಬರಿನಿಂದ ಜನವರಿಯವರೆಗೆ. ನನಗೆ ಮೆಚ್ಚಿಗೆಯಾದದ್ದು ಫೆಬ್ರವರಿ, ಮಾರ್ಚ್. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ರೊಬಸ್ಟಾ ತೋಟ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಮನೆಯೊಳಗೂ ತುಂಬುತ್ತದೆ. ಎರಡು ಮೂರು ದಿನದಲ್ಲಿ ಎಲ್ಲ ಮುಗಿದಿರುತ್ತದೆ. ಮಳೆಗಾಲದ ತೋಟದಲ್ಲಿ ಜಿಗಣೆಗಳು ಕಾಲಿಗೆ ಹತ್ತುತ್ತವೆ, ಉಪ್ಪು ಜೊತೆಗಿರಲಿ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಿಗೆ ಕಾಡಾನೆ ಬರುತ್ತವೆ. ಮುಸ್ಸಂಜೆ, ನಸುಕಿನಲ್ಲಿ ಒಬ್ಬರೇ ತೋಟ ಸುತ್ತಬೇಡಿ ಎಂದು ಮನೆಯವರು ಹೇಳಿದರೆ ಕೇಳಲೇಬೇಕು, ಅದು ಪ್ರಾಣದ ಪ್ರಶ್ನೆ.

ನೋಂದಣಿ ಮತ್ತು ನಿಯಮ

ರಾಜ್ಯ ಪ್ರವಾಸೋದ್ಯಮ ಇಲಾಖೆಯ ನಿಯಮದಂತೆ ಹೋಂಸ್ಟೇಯಲ್ಲಿ ಅತಿಥಿಗಳಿಗೆ ಕೊಡುವ ಕೋಣೆಗಳು ಐದನ್ನು ಮೀರಬಾರದು, ಮಾಲೀಕರ ಕುಟುಂಬ ಅಲ್ಲೇ ವಾಸವಾಗಿರಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಆದರೆ ಮನೆಯವರೇ ಇಲ್ಲದ, ಮ್ಯಾನೇಜರ್ ನೋಡಿಕೊಳ್ಳುವ ಕಟ್ಟಡಗಳೂ ಇದೇ ಹೆಸರಿನ ಬೋರ್ಡು ಹಾಕಿಕೊಂಡಿವೆ. ಅವು ಲಾಡ್ಜುಗಳು. ರಾತ್ರಿಯಿಡೀ ಧ್ವನಿವರ್ಧಕ, ತೋಡಿಗೆ ಎಸೆದ ಬಾಟಲಿ ಇಂಥ ಕಡೆಯೇ ಹೆಚ್ಚು. ಅದಕ್ಕೆ ಕೆಟ್ಟ ಹೆಸರು ಹೊರುವವರು ಪಕ್ಕದ ತೋಟದಲ್ಲಿ ನಿಯಮದಂತೆ ನಡೆಯುವ ಮನೆಯವರು.

2018ರ ನಂತರ

2018ರ ಆಗಸ್ಟ್ ಮಧ್ಯದಲ್ಲಿ ಸುರಿದ ಮಳೆಗೆ ಜೋಡುಪಾಲ, ಮಕ್ಕಂದೂರು, ಮದೆನಾಡು ಸುತ್ತ ಬೆಟ್ಟಗಳು ಜರಿದವು. ಜಿಲ್ಲಾಡಳಿತ ಪ್ರವಾಸಿಗಳ ವಾಸ್ತವ್ಯವನ್ನು ಕೆಲಕಾಲ ನಿಷೇಧಿಸಿತು. ಮರುವರ್ಷ ಮತ್ತೆ ಮಳೆ, 2020ರಲ್ಲಿ ಕೊರೋನಾ. ಕಾಫಿ ಕೈಕೊಟ್ಟಾಗ ಆಸರೆಯಾಗಿದ್ದ ಆದಾಯ ಹೀಗೆ ಮೇಲಿಂದ ಮೇಲೆ ನಿಂತಿತು. ಇಳಿಜಾರನ್ನು ಕಡಿದು ಸಮತಟ್ಟು ಮಾಡಿ ಕಟ್ಟಡ ಎಬ್ಬಿಸುವುದರ ಅಪಾಯ ಚರ್ಚೆಗೆ ಬಂದದ್ದೂ ಆಗಲೇ. ಇದ್ದ ಮನೆಯಲ್ಲೇ ಎರಡು ಕೋಣೆ ಬಿಟ್ಟುಕೊಡುವ ಹೋಂಸ್ಟೇಗೆ ಬೆಟ್ಟ ಕಡಿಯುವ ಅಗತ್ಯವಿಲ್ಲ.

ಕಾಯ್ದಿರಿಸುವ ಮುನ್ನ

ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ಮನೆಯವರು ಅಲ್ಲೇ ಇರುತ್ತಾರೆಯೇ, ಇಲಾಖೆಯಲ್ಲಿ ನೋಂದಣಿ ಆಗಿದೆಯೇ. ಕೈಲ್‌ಪೊಳ್ದ್, ಪುತ್ತರಿಯಂಥ ಹಬ್ಬದ ದಿನ ಮನೆಯವರು ಅತಿಥಿಗಳನ್ನು ಬೇಡವೆಂದರೆ ಬೇಸರಿಸಬೇಡಿ. ತಂದ ಪ್ಲಾಸ್ಟಿಕನ್ನು ನಿಮ್ಮೂರಿಗೇ ಹಿಂದಕ್ಕೆ ಒಯ್ಯಿರಿ. ಈ ತೋಟಗಳ ತೋಡುಗಳಲ್ಲಿ ಬಹುಪಾಲು ಕಾವೇರಿಯನ್ನೇ ಸೇರುತ್ತವೆ.