ನಾಣ್ಯದ ಹುಲಿ ಯಾವ ಊರಿನದು?

ಭಾರತೀಯ ರಿಸರ್ವ್ ಬ್ಯಾಂಕಿಗೆ 75 ತುಂಬಿದ 2010ರಲ್ಲಿ ಸ್ಮರಣಾರ್ಥ ನಾಣ್ಯಗಳು ಹೊರಬಂದವು. ಚಲಾವಣೆಯ ಐದು ರೂಪಾಯಿಯಲ್ಲೂ, ಅರ್ಧ ಪಾಲು ಬೆಳ್ಳಿಯಿರುವ 35 ಗ್ರಾಂ ತೂಕದ 75 ರೂಪಾಯಿಯಲ್ಲೂ ಇರುವುದು ಬ್ಯಾಂಕಿನ ಲಾಂಛನವೇ: ತಾಳೆಮರ, ಹುಲಿ. ಚೆನ್ನೈಯಲ್ಲಿದ್ದುಕೊಂಡು ಈ ಹುಲಿಯ ಜಾಡು ಹಿಡಿಯಲು ಕಾರಣವಿತ್ತು. 1970ರಲ್ಲಿ ಪ್ರಕಟವಾದ ಬ್ಯಾಂಕಿನ ಇತಿಹಾಸದ ಮೊದಲ ಸಂಪುಟ ಬ್ಯಾಂಕಿನ ಮುದ್ರೆ ರೂಪುಗೊಂಡ ಸಂದರ್ಭದಲ್ಲಿ ಅಂದಿನ ಮದ್ರಾಸನ್ನು ನೆನೆಯುತ್ತದೆ.

ಅದರ ಪ್ರಕಾರ, ಹಳೆಯ ಮುದ್ರೆ, ಪದಕ, ನಾಣ್ಯಗಳನ್ನೆಲ್ಲ ಪರಿಶೀಲಿಸಿದವರಿಗೆ ಈಸ್ಟ್ ಇಂಡಿಯಾ ಕಂಪನಿಯ ಜೋಡಿ ಮೊಹರು ನಾಣ್ಯ ಹಿಡಿಸಿತು. ಅದರಲ್ಲಿದ್ದದ್ದು ಸಿಂಹ. ಭಾರತಕ್ಕೆ ಹುಲಿಯೇ ಹೆಚ್ಚು ಒಪ್ಪುತ್ತದೆಂದು ಸಿಂಹವನ್ನು ಕೈಬಿಟ್ಟರು. ಷೇರು ಪತ್ರಗಳಿಗೆ ಮುದ್ರೆ ತುರ್ತಾಗಿ ಬೇಕಿದ್ದರಿಂದ ಕೆಲಸವನ್ನು ಮದ್ರಾಸಿನ ಒಂದು ಸಂಸ್ಥೆಗೆ ಒಪ್ಪಿಸಿದರು. 1935ರ ಫೆಬ್ರವರಿ 23ರಂದು ಆಡಳಿತ ಮಂಡಳಿ ಒಪ್ಪಿಗೆಯಿತ್ತಿತಾದರೂ ಪ್ರಾಣಿಯ ರೂಪ ಸುಧಾರಿಸಬೇಕೆಂದಿತು. ಅಷ್ಟರಲ್ಲಿ ಕಾಲ ಮೀರಿತ್ತು.

ಇಲ್ಲಿಗೇ ಪುಸ್ತಕ ಮುಚ್ಚಿದರೆ ನಾಣ್ಯದ ಹುಲಿ ಮದ್ರಾಸಿನದೇ ಎನ್ನಬಹುದು. ಆದರೆ ಮುಂದಿನ ಸಾಲುಗಳಲ್ಲಿ ಸರ್ ಜೇಮ್ಸ್ ಟೇಲರ್ ಬರುತ್ತಾರೆ. ಕಲ್ಕತ್ತೆಯ ಬೆಲ್ವೆಡಿಯರ್ ಭವನದ ದ್ವಾರದ ಹುಲಿ ಪ್ರತಿಮೆಯ ಫೋಟೊ ತೆಗೆಸಿ, ಅವರು ಹೊಸ ಚಿತ್ರಗಳನ್ನು ಬರೆಸಿದರು. ಒಬ್ಬರ ಮರ ಸರಿಯಿದ್ದರೆ ಹುಲಿ ನಾಯಿಯಂತಿದೆ, ಇನ್ನೊಬ್ಬರ ಹುಲಿ ಚೆನ್ನಾಗಿದ್ದರೆ ಮರ ಕೆಟ್ಟಿದೆ ಎಂದು 1938ರ ಸೆಪ್ಟೆಂಬರಿನಲ್ಲಿ ಬರೆದರು.

ಇಲ್ಲೊಂದು ತೊಡಕು. ಸಂಪುಟ ಅವರನ್ನು ಉಪ ಗವರ್ನರ್ ಎನ್ನುತ್ತದೆ. ಆದರೆ ಅವರು 1937ರ ಜುಲೈನಲ್ಲೇ ಗವರ್ನರ್ ಆಗಿದ್ದರು. ತಪ್ಪಿರುವುದು ಪದವಿಯೋ, ಇಸವಿಯೋ? ಪದವಿ ಕೆಲಸ ಶುರುವಾದ ಕಾಲದ್ದೆಂದು ಓದಿದರೆ ಎರಡೂ ನಿಲ್ಲುತ್ತವೆ. ಹಾಗಾದರೆ ಹುಲಿಯ ಬಗೆಗಿನ ಅತೃಪ್ತಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿತ್ತು.

ಹುಲಿಯ ಗಂಟು ಬಿಡಿಸಿದ್ದು ಆ ಪ್ರಕರಣದ ಕೊನೆಯ ವಾಕ್ಯ. ಮುದ್ರೆಯನ್ನು ಬದಲಿಸಲಿಲ್ಲ; ನಾಸಿಕದ ಸೆಕ್ಯುರಿಟಿ ಪ್ರೆಸ್ ಸಿದ್ಧಪಡಿಸಿದ ಹೊಸ ಚಿತ್ರ ಲಾಂಛನವಾಗಿ ನೋಟು, ಚೆಕ್, ಕಾಗದಪತ್ರಗಳಿಗೆ ಹೋಯಿತು. ಅಂದರೆ ಹುಲಿಗಳು ಎರಡು. ಮದ್ರಾಸಿನದು ಮುದ್ರೆಯಲ್ಲಿ ಉಳಿಯಿತು, ನಾಸಿಕದ್ದು ಜನರ ಕೈಗೆ ಬಂತು.

ನಾಣ್ಯದಲ್ಲಿರುವುದು ಲಾಂಛನವಾದ್ದರಿಂದ ಅದರ ಹುಲಿ ನಾಸಿಕದ ವಂಶದ್ದೆನ್ನುವುದೇ ಬಲವಾದ ಊಹೆ. ಊಹೆ ಎನ್ನಲೇಬೇಕು: 1970ರ ಪುಸ್ತಕ 2010ರ ನಾಣ್ಯಕ್ಕೆ ಸಾಕ್ಷಿಯಾಗಲಾರದು. ಆದರೂ ಪರೀಕ್ಷೆಗೆ ದಾರಿಯಿದೆ. 1949ರಲ್ಲಿ ರಾಷ್ಟ್ರೀಕರಣವಾಗುವವರೆಗೆ ರಿಸರ್ವ್ ಬ್ಯಾಂಕ್ ಷೇರುದಾರರ ಬ್ಯಾಂಕಾಗಿತ್ತು. ಷೇರು ದಾಖಲೆ ಇಡುತ್ತಿದ್ದ ಐದು ಊರುಗಳಲ್ಲಿ ಮದ್ರಾಸೂ ಒಂದು. ಉಳಿದುಬಂದ 1935ರ ಒಂದು ಷೇರು ಪತ್ರದ ಮುದ್ರೆಯನ್ನು ನಾಣ್ಯದ ಪಕ್ಕ ಇಟ್ಟು, ಹುಲಿಯ ತಲೆ, ಮರದ ಕಾಂಡ, ಕಾಲಡಿಯ ಗೆರೆ ಹೋಲಿಸಬೇಕು. ಈ ಊಹೆ ನಿಲ್ಲುವುದೂ ಬೀಳುವುದೂ ಅಲ್ಲಿಯೇ.