ಅಂಚೆಯಲ್ಲಿ ಬಂದ ಪಾಠ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ವಿಶ್ವಕರ್ಮ ಮನೆತನಗಳು ತಲೆತಲಾಂತರದಿಂದ ದೇವರ ವಿಗ್ರಹಗಳನ್ನು ಕೆತ್ತುತ್ತ ಬಂದಿರುವ ಊರು. ಯಾವ ಬೀದಿಗೆ ಹೋದರೂ ಕಲ್ಲಿಗೆ ಉಳಿ ತಾಕುವ ಸದ್ದು.

1986ರ ಸುಮಾರಿಗೆ ಆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಪ್ಪ ಲಕೋಟೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ತಂದೆಯ ಜೊತೆ ಕೆಲಸಕ್ಕೆ ಕುಳಿತವನು. ಅಂಚೆಯ ಮೂಲಕ ಚಿತ್ರಕಲೆ ಕಲಿಸುತ್ತೇವೆಂದು ಜಾಹೀರಾತು ಕೊಟ್ಟಿದ್ದ ಪರಊರಿನ ಸಂಸ್ಥೆಯೊಂದಕ್ಕೆ ಹಣ ಕಳುಹಿಸಿದ್ದ. "ದುಡ್ಡು ಕಟ್ಟಿಬಿಟ್ಟಿದೀನಿ ಮೇಷ್ಟ್ರೇ, ಪಾಠಾನೂ ಬಂದಿದೆ. ಓದೋಕೇ ಆಗ್ತಿಲ್ಲ" ಎಂದ. ತೆರೆದು ನೋಡಿದರೆ ಎಲ್ಲವೂ ಇಂಗ್ಲಿಷು!

ಕೆಲವು ಭಾನುವಾರ ನಾನು ಓದಿ ಹೇಳಿದೆ, ಅವನು ಕೇಳಿಸಿಕೊಂಡ. ಮನುಷ್ಯ ದೇಹದ ಅಳತೆಯ ಪಾಠ ಬಂದಾಗ ಅವನು ನಕ್ಕುಬಿಟ್ಟ. ಪುಸ್ತಕ ಅಳತೆಗಳನ್ನು ಮಿಲಿಮೀಟರಿನಲ್ಲಿ ಕೊಟ್ಟಿತ್ತು. ಇವನು ಇದ್ದಿಲಿನ ಚೂರು ಹಿಡಿದು ನಮ್ಮ ಜಗಲಿಯ ಮೇಲೆಯೇ ನವತಾಲದ ಲೆಕ್ಕ ಬಿಡಿಸಿ ತೋರಿಸಿದ: ವಿಗ್ರಹದ ಮುಖದ ಉದ್ದವೇ ಒಂದು ತಾಲ, ತಾಲಕ್ಕೆ 12 ಅಂಗುಲ, ಒಟ್ಟು ಎತ್ತರ ಒಂಬತ್ತು ತಾಲ, ಅಂದರೆ 108 ಅಂಗುಲ. ಅಂಗುಲವೆಂಬುದು ಆಯಾ ವಿಗ್ರಹದ್ದೇ ಆದ್ದರಿಂದ ಕಲ್ಲು ಚಿಕ್ಕದಿರಲಿ ದೊಡ್ಡದಿರಲಿ ಲೆಕ್ಕ ತಪ್ಪುವುದಿಲ್ಲ. ಆ ದಿನ ಪಾಠ ಹೇಳಿಸಿಕೊಂಡವನು ನಾನು.

ಕೊನೆಗೆ ಹದಿನೈದು ದಿನಗಳ ಸಂಪರ್ಕ ತರಗತಿಗೆ ಬೆಂಗಳೂರಿಗೆ ಬರಬೇಕೆಂಬ ಕಾಗದ ಬಂತು. ಗಣೇಶನ ಹಬ್ಬಕ್ಕೆ ಮುಂಚೆ ಗುಡಿಯೊಂದಕ್ಕೆ ವಿಗ್ರಹ ಒಪ್ಪಿಸಬೇಕಾಗಿತ್ತು, ಮುಂಗಡ ಹಣ ಆಗಲೇ ಖರ್ಚಾಗಿತ್ತು. ಅವನು ಹೋಗಲಿಲ್ಲ. "ಕಲಿಯುವ ಮನಸ್ಸಿಲ್ಲದವನಿಗೆ ನೆಪ ನೂರು" ಎಂದು ಗದರಿ ಕಳುಹಿಸಿದೆ. ಆ ಮಾತನ್ನು ಆಡಬಾರದಾಗಿತ್ತು.

ಏಕೆಂದರೆ ನಾನೂ ಅಂಚೆ ಶಿಕ್ಷಣದಿಂದಲೇ ಎಂ.ಎ. ಮಾಡಿದವನು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆ ವ್ಯವಸ್ಥೆಯನ್ನು ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನನ್ನ ಸಂಪರ್ಕ ತರಗತಿಗಳು ಬೇಸಿಗೆ ರಜೆಯಲ್ಲಿದ್ದವು. ನಾನು ಮೈಸೂರಿನಲ್ಲಿ ಕುಳಿತು ಪಾಠ ಕೇಳುತ್ತಿದ್ದರೂ ಊರಿನಲ್ಲಿ ಸಂಬಳ ನಿಲ್ಲುತ್ತಿರಲಿಲ್ಲ. ನಮ್ಮಂಥ ಮೇಷ್ಟರುಗಳಿಗೆ, ಗುಮಾಸ್ತರಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಆದರೆ ಬೇಸಿಗೆಯೆಂದರೆ ಮಾಲೂರಿನ ಹೆಂಚು, ಇಟ್ಟಿಗೆಯ ಕೆಲಸದವರಿಗೆ ಮಳೆಗೆ ಮುಂಚೆ ನಾಲ್ಕು ಕಾಸು ಕಾಣುವ ಕಾಲ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಬುಟ್ಟಿ ಹೆಣೆಯುವವರಿಗೆ ಉಸಿರಾಡಲು ಬಿಡುವಿಲ್ಲ. ಪರೀಕ್ಷೆಗಳೂ ಹೆಚ್ಚಾಗಿ ಆ ತಿಂಗಳುಗಳಲ್ಲೇ.

ಇನ್ನು ಭಾಷೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವೆಡೆ ಉರ್ದು. ಶಾಲೆಯ ಅಕ್ಷರ ಕನ್ನಡ. ಕಸುಬಿನ ಪುಸ್ತಕ ಇಂಗ್ಲಿಷು ಅಥವಾ ಹಿಂದಿ. ಮುಕ್ತ ಶಾಲೆ 1989ರಲ್ಲಿ ರಾಷ್ಟ್ರೀಯ ಸಂಸ್ಥೆಯಾಗಿ ವೃತ್ತಿ ಶಿಕ್ಷಣವನ್ನೂ ಕೊಡತೊಡಗಿತು, ಒಳ್ಳೆಯದೇ. ಆದರೆ ಮುಳಬಾಗಿಲಿನ ಬಡಗಿಗೆ ಅದರ ಅರ್ಜಿ ತುಂಬಿಕೊಡುವವರು ಯಾರು? ಅಸಂಘಟಿತ ವಲಯದ ಬಗ್ಗೆ ಅರ್ಜುನ್ ಸೇನ್‌ಗುಪ್ತಾ ಆಯೋಗ 2007ರಲ್ಲಿ ಕೊಟ್ಟ ವರದಿಯ ಪ್ರಕಾರ ದೇಶದ ದುಡಿಯುವವರಲ್ಲಿ ಶೇ. 92ರಷ್ಟು ಜನ ಅನೌಪಚಾರಿಕ ಕೆಲಸಗಾರರು. ಪಾಠ ಬರೆದವರ ಕಣ್ಣ ಮುಂದೆ ಇದ್ದವರು ಉಳಿದ ಎಂಟು ಮಂದಿ ಎಂದು ನನಗೆ ಅನಿಸುವುದುಂಟು.

ಕೂಲಿ ಕಳೆದುಕೊಂಡು ಕಲಿಯಲಾಗದು ಎಂಬುದನ್ನು 2023ರ ಸೆಪ್ಟೆಂಬರಿನಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆ ಒಪ್ಪಿಕೊಂಡಿದೆ. 18 ಕಸುಬುಗಳು, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000. ಆದರೆ ಮೂಲ ತರಬೇತಿ ಐದರಿಂದ ಏಳು ದಿನ, ಅದೂ ಮನೆಗೊಬ್ಬರಿಗೆ. ಮೂವರು ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಕೆತ್ತುವ ಮನೆಯಲ್ಲಿ ಯಾರನ್ನು ಕಳುಹಿಸುವುದು?

ಕೈಯ ಕೆಲಸವನ್ನು ಅಂಚೆಯಲ್ಲಿ ಕಲಿಸಲಾಗದು ಎಂಬುದು ನಿಜ. ಅದು ಅವರಿಗೆ ಬೇಕಾಗಿಯೂ ಇಲ್ಲ. ಬೇಕಾಗಿದ್ದದ್ದು ಬೇರೆ. ಗ್ರಾನೈಟಿನ ಧೂಳಿನ ಸಿಲಿಕಾ ಪುಪ್ಪುಸದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಆ ರೋಗ ಸೇರಿತ್ತು, ಆದರೆ ಮನೆಯಂಗಳದ ಚಪ್ಪರ ಕಾರ್ಖಾನೆಯಲ್ಲವಲ್ಲ! ಕಲ್ಲನ್ನು ನೀರು ಹಾಕಿ ಉಜ್ಜಿ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ ಎಂಬ ಎರಡು ಸಾಲು ಆ ದಪ್ಪ ಲಕೋಟೆಯಲ್ಲಿ ಇರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ಕಳೆದ ವರ್ಷ ಅವನನ್ನು ನೋಡಲು ಹೋಗಿದ್ದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಉಳಿ ಹಿಡಿದು ಆರು ವರ್ಷವಾಯಿತಂತೆ. ಮಗ ಕರೆಂಟಿನ ಗ್ರೈಂಡರ್ ಹಿಡಿದು ಕೂತಿದ್ದ, ಸುತ್ತಲೂ ಬಿಳಿಯ ಮೋಡ, ಮೂಗಿಗೆ ಒಂದು ಟವೆಲ್. ಮೊಬೈಲಿನಲ್ಲಿ ಬೇರೆ ಊರಿನ ಶಿಲ್ಪಿಗಳ ಕೆಲಸವನ್ನು ದಿನವೂ ನೋಡುತ್ತಾನಂತೆ. ಓದು ಬಾರದಿದ್ದರೂ ನೋಡಿ ಕಲಿಯಬಹುದು, ಅಷ್ಟರಮಟ್ಟಿಗೆ ಕಾಲ ಬದಲಾಗಿದೆ.

ಧೂಳಿನ ವಿಷಯವಾಗಿ ಎರಡು ಪುಟ ಬರೆದಿಟ್ಟಿದ್ದೇನೆ, ಕನ್ನಡದಲ್ಲಿ. ನಿಮ್ಮಲ್ಲಿ ವೈದ್ಯರಾದವರು ತಪ್ಪಿದ್ದರೆ ತಿದ್ದಿಕೊಡಿ. ಮುಳಬಾಗಿಲು ಕಡೆಯವರು ಯಾರಾದರೂ ಅದನ್ನು ನಮ್ಮ ಸೀಮೆಯ ತೆಲುಗಿನಲ್ಲಿ ಓದಿ, ಧ್ವನಿ ಮುದ್ರಿಸಿ ಕಳುಹಿಸಿದರೆ ಆ ಹುಡುಗನ ಮೊಬೈಲಿಗೆ ತಲುಪಿಸುತ್ತೇನೆ.